ಅಫೀಮು ವರ್ಗದ ಮಾದಕ ಅವಲಂಬನೆ: ಚಿಕಿತ್ಸೆಯ ಗುಳಿಗೆಗಳ ಸುರಕ್ಷಿತ ಬಳಕೆ



ಅಫೀಮು, ಹೆರಾಯಿನ್‌ಗಳಷ್ಟೇ ಅಲ್ಲ. ಟ್ರಮಡಾಲ್, ಟಪೆಂಟಡಾಲ್‌ನಂತಹ ನೋವಿನ ಗುಳಿಗೆಗಳು ಹಾಗೂ ಕೊಡೀನ್ ಬೆರೆತ ಕೆಮ್ಮಿನ ಔಷಧವೂ ಇದೇ ವರ್ಗಕ್ಕೆ ಸೇರಿವೆ. ಮೈಕೈ ನೋವಿಗೆಂದು ನುಂಗಿದ ಗುಳಿಗೆ ಕ್ರಮೇಣ ಬಿಡಲಾಗದ ಅವಲಂಬನೆಯಾಗಬಹುದು. 2019ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆಯ ಅಂದಾಜಿನಂತೆ ದೇಶದಲ್ಲಿ ಸುಮಾರು 77 ಲಕ್ಷ ಜನರಿಗೆ ಈ ವಿಷಯದಲ್ಲಿ ನೆರವು ಅಗತ್ಯವಿದೆ.

“ಒಂದು ಗುಳಿಗಿ ಬಿಡಿಸಾಕ ಇನ್ನೊಂದು ಗುಳಿಗಿ ಯಾಕ್ರೀ?” ಎಂಬ ಪ್ರಶ್ನೆ ಸಹಜ. ಎಂಜಿನಿಯರಿಂಗ್ ಓದಿದ ನನಗೂ ಮೊದಲು ಇದೇ ಸಂಶಯವಿತ್ತು. ಉತ್ತರ ಸರಳವಾಗಿದೆ. ಮಾದಕ ವಸ್ತು ಮೆದುಳಿನಲ್ಲಿ ಹಿಡಿಯುವ ಸ್ಥಾನವನ್ನೇ ಬುಪ್ರೆನಾರ್ಫಿನ್ ಎಂಬ ಔಷಧವೂ ಹಿಡಿಯುತ್ತದೆ; ಆದರೆ ಅದರ ಪರಿಣಾಮ ಒಂದು ಮಿತಿಯನ್ನು ದಾಟುವುದಿಲ್ಲ. ಹೀಗಾಗಿ ನಡುಕ, ವಾಂತಿ, ಚಡಪಡಿಕೆ ಹಾಗೂ ಮಾದಕದ ಹಂಬಲ ತಗ್ಗಿ ವ್ಯಕ್ತಿ ದುಡಿಮೆಗೆ ಮರಳಬಲ್ಲನು. ಇದು ಚಟದ ಬದಲಾವಣೆಯಲ್ಲ, ರಕ್ತದೊತ್ತಡಕ್ಕೆ ನಿತ್ಯ ಔಷಧ ಸೇವಿಸುವಂತಹ ಚಿಕಿತ್ಸೆ.

ಪಾಲಿಸಬೇಕಾದ ಎಚ್ಚರಿಕೆಗಳು:

1. ವೈದ್ಯರ ಸಲಹೆಯಿಲ್ಲದೆ ಆರಂಭಿಸಬಾರದು. ಹಿಂದಿನ ಮಾದಕದ ಪ್ರಭಾವ ಇಳಿಯುವ ಮೊದಲೇ ಸೇವಿಸಿದರೆ ಯಾತನೆ ಹಠಾತ್ತನೆ ಹೆಚ್ಚುತ್ತದೆ.

2. ಬುಪ್ರೆನಾರ್ಫಿನ್ ಗುಳಿಗೆಯನ್ನು ನಾಲಿಗೆಯ ಕೆಳಗಿಟ್ಟು ಪೂರ್ತಿ ಕರಗಲು ಬಿಡಬೇಕು. ನುಂಗಿದರೆ ಪರಿಣಾಮ ತೀರ ಕಡಿಮೆ.

3. ಮದ್ಯ ಅಥವಾ ನಿದ್ರೆಗುಳಿಗೆಯೊಂದಿಗೆ ಬೆರೆತರೆ ಉಸಿರಾಟವೇ ನಿಲ್ಲುವ ಅಪಾಯವಿದೆ.

4. ಆರಂಭದ ದಿನಗಳಲ್ಲಿ ಮಂಪರು ಇದ್ದರೆ ಟ್ರ್ಯಾಕ್ಟರ್, ಬೈಕ್ ಓಡಿಸಬಾರದು.

5. ಬೀಗ ಹಾಕಿದ ಪೆಟ್ಟಿಗೆಯಲ್ಲಿಡಬೇಕು. ಒಂದೇ ಗುಳಿಗೆಯೂ ಮಗುವಿನ ಪ್ರಾಣಕ್ಕೆ ಕುತ್ತಾಗಬಹುದು.

6. ಗರ್ಭಿಣಿಯರು ವೈದ್ಯರನ್ನು ಕೇಳದೆ ಔಷಧ ನಿಲ್ಲಿಸಬಾರದು.

ಎಲ್ಲಕ್ಕಿಂತ ದೊಡ್ಡ ಅಪಾಯವೆಂದರೆ ಚಿಕಿತ್ಸೆಯನ್ನು ನಡುವೆ ಕೈಬಿಡುವುದು. ಕೆಲವು ವಾರ ಮಾದಕದಿಂದ ದೂರವಿದ್ದ ದೇಹ ಹಳೆಯ ಪ್ರಮಾಣವನ್ನು ತಾಳುವ ಶಕ್ತಿಯನ್ನು ಕಳೆದುಕೊಂಡಿರುತ್ತದೆ. ಮತ್ತೆ ಅಷ್ಟೇ ಸೇವಿಸಿದವರು ಸಾಯುವುದು ಇದೇ ಕಾರಣದಿಂದ. “ಈಗ ಆರಾಮಾಗ್ಯಾನ” ಎಂದು ಮನೆಯವರು ಗುಳಿಗೆ ಎಸೆಯುವುದಾಗಲಿ, ಕೋಣೆಯಲ್ಲಿ ಕೂಡಿಹಾಕಿ ಬಿಡಿಸಲೆತ್ನಿಸುವುದಾಗಲಿ ಪ್ರಾಣಕ್ಕೆ ಎರವಾಗಬಲ್ಲದು. ಔಷಧವನ್ನು ವೈದ್ಯರೇ ಹಂತಹಂತವಾಗಿ ಇಳಿಸಬೇಕು. ದುಡಿಯಲು ಗುಳೆ ಹೋಗುವವರು ಹೊರಡುವ ಮೊದಲೇ ವೈದ್ಯರಿಗೆ ತಿಳಿಸಿ, ಮುಂದಿನ ವ್ಯವಸ್ಥೆ ಮಾಡಿಕೊಳ್ಳಬೇಕು.

ಉಸಿರು ನಿಧಾನವಾಗಿ, ತುಟಿ ನೀಲಿಗಟ್ಟಿ, ಕಣ್ಣಿನ ಪಾಪೆ ಸೂಜಿಮೊನೆಯಷ್ಟಾಗಿ, ಕೂಗಿದರೂ ಎಚ್ಚರಗೊಳ್ಳದಿದ್ದರೆ ತಕ್ಷಣ 108ಕ್ಕೆ ಕರೆ ಮಾಡಿರಿ. ಉಸಿರಾಡುತ್ತಿದ್ದರೆ ಮಗ್ಗುಲಾಗಿ ಮಲಗಿಸಿರಿ. ಬಾಯಿಗೆ ಏನನ್ನೂ ಹಾಕಬೇಡಿರಿ. ಇದಕ್ಕೆ ನಲೋಕ್ಸೋನ್ ಎಂಬ ಪ್ರತ್ಯೌಷಧವಿದೆ.

ಸದಸ್ಯರ ಪಾತ್ರ ಇಲ್ಲಿ ಮಹತ್ವದ್ದು. ಯಾರ ಹೆಸರನ್ನೂ ಗ್ರಾಮಸಭೆಯಲ್ಲಿ ಎತ್ತದೆ, ಆಶಾ ಕಾರ್ಯಕರ್ತೆಯರ ಮೂಲಕ ಕುಟುಂಬವನ್ನು ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ವೈದ್ಯರಿಗೆ ತಲುಪಿಸಿರಿ. ಸಲಹೆಗಾಗಿ ಟೆಲಿ-ಮಾನಸ್ 14416, ವ್ಯಸನಮುಕ್ತಿ ಸಹಾಯವಾಣಿ 14446 ಉಚಿತವಾಗಿ ಲಭ್ಯ. ಪೊಲೀಸರ ಭಯದಿಂದ ಹಿಂಜರಿಯುವವರಿಗೆ ಒಂದು ಮಾತು ತಿಳಿಸಿರಿ: 1985ರ ಎನ್‌ಡಿಪಿಎಸ್ ಕಾಯ್ದೆಯ 64ಎ ಕಲಮಿನಡಿ, ಸೇವನೆ ಅಥವಾ ಅಲ್ಪ ಪ್ರಮಾಣದ ಪ್ರಕರಣದಲ್ಲಿ ಸಿಲುಕಿದ ವ್ಯಸನಿ ಮಾನ್ಯತೆ ಪಡೆದ ಸಂಸ್ಥೆಯಲ್ಲಿ ಸ್ವಇಚ್ಛೆಯಿಂದ ಚಿಕಿತ್ಸೆ ಪಡೆದು ಪೂರ್ಣಗೊಳಿಸಿದರೆ ಕಾನೂನು ಕ್ರಮದಿಂದ ರಕ್ಷಣೆಯಿದೆ.

ನಿಮ್ಮ ವಾರ್ಡಿನಲ್ಲಿ ಚಿಕಿತ್ಸೆಯಲ್ಲಿರುವ ಒಬ್ಬರು ಗುಳಿಗೆ ತಪ್ಪಿಸದಂತೆ ನೋಡಿಕೊಂಡರೆ, ಒಂದು ಮನೆಯನ್ನೇ ಉಳಿಸಿದಂತೆ.

– ಪಂಚಾಯತಿ ಅಭಿವೃದ್ಧಿ ಅಧಿಕಾರಿ, ಹೂವಿನ ಹಿಪ್ಪರಗಿ