ಡರ್ಬನ್ ಪಾಯ್ಸನ್: ಒಂದು ಸಟೈವಾ ತಳಿಯ ರೂಪ, ಪರಿಮಳ, ಪರಿಣಾಮ

ಡರ್ಬನ್ ಪಾಯ್ಸನ್ ದಕ್ಷಿಣ ಆಫ್ರಿಕದ ಬಂದರು ನಗರವೊಂದರ ಹೆಸರು ಹೊತ್ತ ಗಾಂಜಾ ತಳಿ. ಸಟೈವಾ ಗುಣ ಮೇಲುಗೈಯಾಗಿರುವ ತಳಿಗಳಲ್ಲಿ ಬಹಳ ಹೆಸರಾದದ್ದು. ಇಂದು ಮಾರುಕಟ್ಟೆಯಲ್ಲಿರುವ ಬಹುತೇಕ ತಳಿಗಳು ಬೇರೆ ಬೇರೆ ದೇಶದ ಗಿಡಗಳ ಬೆರಕೆ. ಇದರ ಮೂಲ ಮಾತ್ರ ಆ ಸೀಮೆಯ ಹೊಲಗಳಲ್ಲಿ ತಲೆಮಾರುಗಳಿಂದ ಬೆಳೆದುಬಂದ ನಾಟಿ ಗಿಡ. 1970ರ ದಶಕದಲ್ಲಿ ಅದರ ಬೀಜ ಅಮೆರಿಕ ತಲುಪಿತು. ಅಲ್ಲಿನ ಬೆಳೆಗಾರರು ಬೇಗ ಹೂಬಿಡುವ ಗಿಡಗಳನ್ನೇ ಆರಿಸಿ ಬೆಳೆಸಿದರು. ಮುಂದೆ ನೆದರ್ಲೆಂಡ್ಸ್‌ನ ಬೀಜ ಕಂಪನಿಗಳ ಮೂಲಕ ಅದು ಎಲ್ಲೆಡೆ ಹರಡಿತು.

ದಕ್ಷಿಣ ಆಫ್ರಿಕದಲ್ಲಿ ಗಾಂಜಾಕ್ಕೆ ‘ಡಗ್ಗಾ’ ಎನ್ನುತ್ತಾರೆ. ಯುರೋಪಿಯನ್ನರು ನೆಲೆಯೂರುವ ಮೊದಲೇ ಅದು ಅಲ್ಲಿನ ಜನರಿಗೆ ಗೊತ್ತಿತ್ತು. ಭಾರತದ ನಂಟೂ ಈ ಚರಿತ್ರೆಯೊಳಗಿದೆ. ಕಬ್ಬಿನ ತೋಟಗಳ ದುಡಿಮೆಗೆ ಕರಾರಿನ ಕೂಲಿಗಳನ್ನು ಹೊತ್ತ ಮೊದಲ ಹಡಗು ಮದ್ರಾಸಿನಿಂದ ಹೊರಟು 1860ರ ನವೆಂಬರ್ 16ರಂದು ಡರ್ಬನ್ ಮುಟ್ಟಿತು. ಹತ್ತೇ ವರ್ಷದಲ್ಲಿ, ಅಂದರೆ 1870ರಲ್ಲಿ, ಡರ್ಬನ್ ಸೇರಿದ್ದ ನಟಾಲ್ ವಸಾಹತಿನ ಸರ್ಕಾರ ಭಾರತೀಯ ಕೂಲಿಗಳು ಗಾಂಜಾ ಸೇದುವುದನ್ನೂ ಇಟ್ಟುಕೊಳ್ಳುವುದನ್ನೂ ನಿಷೇಧಿಸಿತು. ಕೂಲಿಯ ಆರೋಗ್ಯಕ್ಕಿಂತ ತೋಟದ ಕೆಲಸ ಕೆಡಬಾರದೆಂಬ ಚಿಂತೆಯೇ ಅಲ್ಲಿ ದೊಡ್ಡದಾಗಿತ್ತು.

ಸಟೈವಾ ಎಂಬ ಹೆಸರನ್ನು ಸಸ್ಯವಿಜ್ಞಾನಿ ಲಿನೇಯಸ್ 1753ರಲ್ಲಿ ಕೊಟ್ಟ. ಭಾರತದಿಂದ ಹೋದ ಮಾದರಿಗಳನ್ನು ನೋಡಿದ ಲಾಮಾರ್ಕ್ 1785ರಲ್ಲಿ ಅವನ್ನು ಬೇರೆಯದೇ ಪ್ರಭೇದವೆಂದು ಬಗೆದು ಇಂಡಿಕಾ ಎಂದು ಕರೆದ. ಬೆಳೆಗಾರರ ಬಾಯಲ್ಲಿ ಈ ಎರಡು ಹೆಸರು ಗಿಡದ ಆಕಾರಕ್ಕೆ ಅಂಟಿಕೊಂಡವು. ಗಿಡ್ಡಗೆ, ಪೊದೆಯಂತೆ, ಅಗಲ ಎಲೆಯೊಡನೆ ಬೆಳೆಯುವುದು ಇಂಡಿಕಾ. ಆಳೆತ್ತರಕ್ಕೂ ಮೀರಿ ನೀಳವಾಗಿ ಬೆಳೆದು, ಸಪೂರ ಎಸಳುಗಳ ಎಲೆ ಬಿಡುವುದು ಸಟೈವಾ. ಡರ್ಬನ್ ತಳಿ ಎರಡನೆಯ ಬಗೆಯದು. ಆದರೆ ಸಮಭಾಜಕ ವೃತ್ತದ ಬಳಿಯ ಸಟೈವಾ ಗಿಡಗಳ ಹೂ ಬಲಿಯಲು ಹನ್ನೆರಡು ವಾರ, ಕೆಲವೊಮ್ಮೆ ಅದಕ್ಕಿಂತಲೂ ಹೆಚ್ಚು ಬೇಕು. ಇದಕ್ಕೆ ಎಂಟೊಂಬತ್ತು ವಾರ ಸಾಕು. ಚಳಿ ಬೇಗ ಶುರುವಾಗುವ ದೇಶಗಳಲ್ಲೂ ಇದು ನೆಲೆಯೂರಿದ್ದು ಹಾಗೆ.

ಪರಿಮಳವೇ ಈ ತಳಿಯ ಗುರುತು. ಮೊದಲು ಮೂಗಿಗೆ ಬಡಿಯುವುದು ಸೋಂಪಿನಂಥ ಸಿಹಿ ಘಾಟು, ಅದರ ಹಿಂದೆಯೇ ಪೈನ್ ಮರದ ಅಂಟಿನ ವಾಸನೆ, ಕೊನೆಗೆ ನಿಂಬೆ ಸಿಪ್ಪೆಯ ಚುರುಕು. ಹೆಣ್ಣು ಗಿಡದ ಹೂಗಳ ಮೇಲೆ ಬರಿಗಣ್ಣಿಗೆ ಹಿಟ್ಟು ಉದುರಿಸಿದಂತೆ ಕಾಣುವ ಸೂಕ್ಷ್ಮ ಗ್ರಂಥಿರೋಮಗಳಿರುತ್ತವೆ. ಟರ್ಪೀನ್ ಎಂಬ ಸುಗಂಧ ತೈಲಗಳು ಅಲ್ಲೇ ತಯಾರಾಗುತ್ತವೆ. ಬಹಳಷ್ಟು ತಳಿಗಳಲ್ಲಿ ಮಿರ್ಸೀನ್ ಮುಂದಿದ್ದರೆ ಇದರಲ್ಲಿ ಎದ್ದು ಕಾಣುವುದು ಟರ್ಪಿನೊಲೀನ್. ಜಾಯಿಕಾಯಿಯಲ್ಲೂ ಅದು ಇದೆ. ಕಾಮಕಸ್ತೂರಿಯಲ್ಲಿರುವ ಒಸಿಮೀನ್ ಸಿಹಿಯನ್ನು ಕೂಡಿಸುತ್ತದೆ. ಮಾವಿನ ಹಣ್ಣಿನ ಮಿರ್ಸೀನ್, ಕಾಳುಮೆಣಸಿನ ಕ್ಯಾರಿಯೊಫಿಲೀನ್ ಕೂಡ ಇವೆ, ಕಡಿಮೆ ಪ್ರಮಾಣದಲ್ಲಿ. ಈ ತೈಲಗಳು ಬೇಗ ಆವಿಯಾಗುವುದರಿಂದ ಒಣಗಿಸುವ ಕ್ರಮ ತಪ್ಪಿದರೆ ಸೋಂಪಿನ ಘಮ ಹೋಗಿ ಒಣಹುಲ್ಲಿನ ವಾಸನೆಯಷ್ಟೇ ಉಳಿಯುತ್ತದೆ.

ಅಮಲಿಗೆ ಕಾರಣ ಪರಿಮಳವಲ್ಲ, ಟಿಎಚ್‌ಸಿ ಎಂಬ ರಾಸಾಯನಿಕ. 1964ರಲ್ಲಿ ಇಸ್ರೇಲಿನ ರಾಫೆಲ್ ಮೆಷೌಲಮ್ ಮತ್ತು ಯೆಖಿಯೆಲ್ ಗಾವೊನಿ ಇದನ್ನು ಶುದ್ಧರೂಪದಲ್ಲಿ ಬೇರ್ಪಡಿಸಿ ಅದರ ರಚನೆ ತಿಳಿಸಿದರು. ಹಸಿ ಗಿಡದಲ್ಲಿರುವುದು ಅದರ ಆಮ್ಲ ರೂಪ. ಕಾವು ತಾಗಿದಾಗ ಅದು ಟಿಎಚ್‌ಸಿಯಾಗುತ್ತದೆ. ಮಿದುಳಿನ ಸಿಬಿ1 ಗ್ರಾಹಕಗಳಿಗೆ ಅದು ಅಂಟಿಕೊಂಡಾಗ ನೆನಪು, ಕಾಲದ ಅಂದಾಜು, ಭಯ, ಹಸಿವು ಎಲ್ಲವೂ ಏರುಪೇರಾಗುತ್ತವೆ. ಹೊಗೆಯಾಗಿ ಸೇದಿದರೆ ಕೆಲವೇ ನಿಮಿಷದಲ್ಲಿ ಪರಿಣಾಮ ಶುರುವಾಗಿ ಎರಡು ಮೂರು ಗಂಟೆ ಉಳಿಯುತ್ತದೆ. ತಿಂದರೆ ಏರಲು ಅರ್ಧ ಗಂಟೆಯಿಂದ ಎರಡು ಗಂಟೆ ಹಿಡಿಯುತ್ತದೆ. ಏನೂ ಆಗಲಿಲ್ಲವೆಂದು ಮತ್ತೆ ತಿಂದರೆ ಪರಿಣಾಮ ಮಿತಿಮೀರಬಹುದು.

ಡರ್ಬನ್ ತಳಿ ನಿದ್ದೆ ತರಿಸುವುದಿಲ್ಲ, ಎಚ್ಚರ ಕೊಡುತ್ತದೆ, ಮಾತು ಹೆಚ್ಚಿಸುತ್ತದೆ, ಯೋಚನೆಗೆ ಓಟ ಕೊಡುತ್ತದೆ ಎಂಬುದು ಬಳಸುವವರ ವರ್ಣನೆ. ಆಫ್ರಿಕದ ದಕ್ಷಿಣದ ಗಿಡಗಳಲ್ಲಿ ಟಿಎಚ್‌ಸಿವಿ ಎಂಬ ಸಹೋದರ ರಾಸಾಯನಿಕ ಹೆಚ್ಚಿಗೆ ಸಿಗುವುದು ನಿಜ. ಕಡಿಮೆ ಪ್ರಮಾಣದಲ್ಲಿ ಅದು ಟಿಎಚ್‌ಸಿಯ ಕೆಲಸಕ್ಕೆ ತಡೆಯೊಡ್ಡಬಲ್ಲದು. ಹಾಗೆಂದು ‘ಸಟೈವಾ ಚುರುಕು, ಇಂಡಿಕಾ ಮಂಪರು’ ಎಂಬ ಅಂಗಡಿಯ ಸೂತ್ರವನ್ನು ನಂಬುವಂತಿಲ್ಲ. ನೆದರ್ಲೆಂಡ್ಸ್‌ನ ಸುಮಾರು 300 ಮಾದರಿಗಳನ್ನು ಪರೀಕ್ಷಿಸಿ 2021ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಸಟೈವಾ, ಇಂಡಿಕಾ ಎಂಬ ಹೆಸರುಗಳಿಗೂ ಗಿಡಗಳ ಒಟ್ಟು ವಂಶವಾಹಿ ನಂಟಿಗೂ ಹೊಂದಿಕೆ ಕಾಣಲಿಲ್ಲ. ತಾಳೆಯಾದದ್ದು ಕೆಲವೇ ಟರ್ಪೀನ್‌ಗಳ ಮಟ್ಟಿಗೆ. ಪರಿಣಾಮವನ್ನು ತೀರ್ಮಾನಿಸುವುದು ಟಿಎಚ್‌ಸಿಯ ಪ್ರಮಾಣ, ಸೇದಿದ ಅಥವಾ ತಿಂದ ರೀತಿ, ವ್ಯಕ್ತಿಯ ದೇಹ ಮತ್ತು ಆ ಹೊತ್ತಿನ ಮನಸ್ಥಿತಿ.

ಚುರುಕೆಂದು ಹೊಗಳಿಸಿಕೊಳ್ಳುವ ಅದೇ ಗುಣದ ಇನ್ನೊಂದು ಮುಖ ಕಳವಳ. ಎದೆಬಡಿತ ಏರುತ್ತದೆ, ಬಾಯಿ ಒಣಗುತ್ತದೆ, ಕೆಲವರಿಗೆ ಯಾರೋ ತಮ್ಮನ್ನೇ ಗಮನಿಸುತ್ತಿದ್ದಾರೆಂಬ ದಿಗಿಲು ಹುಟ್ಟುತ್ತದೆ. ಅಮೆರಿಕದಲ್ಲಿ ವಶಪಡಿಸಿಕೊಂಡ ಗಾಂಜಾದಲ್ಲಿ 1995ರಲ್ಲಿ ಸರಾಸರಿ ಶೇ. 4ರಷ್ಟಿದ್ದ ಟಿಎಚ್‌ಸಿ 2014ರ ಹೊತ್ತಿಗೆ ಶೇ. 12ರ ಸುಮಾರಿಗೆ ಏರಿತ್ತು. ಹದಿಹರೆಯದವರು, ಮನೋರೋಗದ ಕುಟುಂಬ ಹಿನ್ನೆಲೆಯುಳ್ಳವರು, ಹೃದ್ರೋಗಿಗಳು, ಗರ್ಭಿಣಿಯರಿಗೆ ಅಪಾಯ ಹೆಚ್ಚು. ಅಮಲಿನಲ್ಲಿ ವಾಹನ ಓಡಿಸುವುದು ಯಾರಿಗೂ ಸಲ್ಲದು.

ದಕ್ಷಿಣ ಆಫ್ರಿಕದ ಸಂವಿಧಾನ ನ್ಯಾಯಾಲಯ 2018ರ ಸೆಪ್ಟೆಂಬರ್ 18ರಂದು ವಯಸ್ಕರ ಖಾಸಗಿ ಬಳಕೆಯನ್ನು ಅಪರಾಧದ ಪಟ್ಟಿಯಿಂದ ತೆಗೆಯಿತು. ಭಾರತದಲ್ಲಿ ಹಾಗಿಲ್ಲ. ಮಾದಕವಸ್ತುಗಳ ಕುರಿತ 1985ರ ಎನ್‌ಡಿಪಿಎಸ್ ಕಾಯ್ದೆಯಲ್ಲಿ ಗಾಂಜಾ ಎಂದರೆ ಗಿಡದ ಹೂಬಿಟ್ಟ ಅಥವಾ ಕಾಯಿಬಿಟ್ಟ ತುದಿ, ತಳಿ ಯಾವುದೇ ಇರಲಿ. ಪರವಾನಗಿಯಿಲ್ಲದೆ ಅದನ್ನು ಇಟ್ಟುಕೊಳ್ಳುವುದು ಅಪರಾಧ. ಒಂದು ಕಿಲೋದವರೆಗೆ ಸಿಕ್ಕರೆ ಒಂದು ವರ್ಷದವರೆಗೆ, 20 ಕಿಲೋ ಮೀರಿದರೆ ಕನಿಷ್ಠ ಹತ್ತು ವರ್ಷ ಕಠಿಣ ಸಜೆಯಿದೆ.