ಎತ್ತರದ ಶಿಖರ ಯಾವುದು? ಆರ್ಕ್ಟಿಕ್ ನಕ್ಷೆಯ ಒಂದು ತೊಡಕು

ಅಲಾಸ್ಕದ ಈಶಾನ್ಯದಲ್ಲಿ ಬ್ರೂಕ್ಸ್ ಪರ್ವತಶ್ರೇಣಿಯಿದೆ. ಅಲ್ಲಿಂದ ಹೊರಟ ಹುಲಾಹುಲಾ, ಜಾಗೊ ನದಿಗಳು ಉತ್ತರಕ್ಕೆ ಹರಿದು ಬ್ಯೂಫೋರ್ಟ್ ಸಮುದ್ರವನ್ನು ಸೇರುತ್ತವೆ. ನಿರ್ಜನವಾದ ಈ ಪ್ರದೇಶದ ಸ್ಥಳಾಕೃತಿ ನಕ್ಷೆಗಳನ್ನು ಅಮೆರಿಕದ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯು 1950ರ ದಶಕದ ಕೊನೆಯಲ್ಲಿ ತಯಾರಿಸಿತು. ಆದರೆ ಒಂದು ಪ್ರಮಾಣದ ನಕ್ಷೆಯಲ್ಲಿ ಚೇಂಬರ್ಲಿನ್ ಶಿಖರ ಅತ್ಯುನ್ನತವಾದರೆ, ಇನ್ನೊಂದರಲ್ಲಿ ಇಸ್ಟೊ! ಹೀಗೇಕಾಯಿತು?

ಹೆಬ್ಬೆರಳನ್ನು ಮುಖದ ಮುಂದೆ ಹಿಡಿದು ಒಂದೊಂದೇ ಕಣ್ಣಿನಿಂದ ನೋಡಿ. ಹಿನ್ನೆಲೆಯ ಎದುರು ಬೆರಳು ಅತ್ತಿತ್ತ ಸರಿದಂತೆ ಕಾಣುತ್ತದೆ. ಬೆರಳು ಹತ್ತಿರವಿದ್ದಷ್ಟೂ ಈ ಪಲ್ಲಟ ಹೆಚ್ಚು. ವಿಮಾನದಿಂದ ಎರಡು ಸ್ಥಾನಗಳಲ್ಲಿ ಚಿತ್ರ ತೆಗೆದಾಗಲೂ ಹೀಗೆಯೇ. ಸಮರೂಪ ತ್ರಿಭುಜಗಳಿಂದ ದೊರೆಯುವ ಸೂತ್ರ ಇದು:

ಪಲ್ಲಟ = (ಎರಡು ಸ್ಥಾನಗಳ ಅಂತರ × ಮಸೂರದ ಸಂಗಮದೂರ) ÷ ಕ್ಯಾಮೆರಾದಿಂದ ಶಿಖರಕ್ಕಿರುವ ಲಂಬದೂರ

ಉದಾಹರಣೆಗೆ, ಸ್ಥಾನಗಳ ಅಂತರ 1000 ಮೀ., ಸಂಗಮದೂರ 150 ಮಿ.ಮೀ., ಲಂಬದೂರ 3000 ಮೀ. ಎಂದುಕೊಳ್ಳಿ. ಪಲ್ಲಟ 50 ಮಿ.ಮೀ. ಆಗುತ್ತದೆ. ಶಿಖರ 10 ಮೀ. ಹೆಚ್ಚು ಎತ್ತರವಿದ್ದರೆ ಪಲ್ಲಟ 50.17 ಮಿ.ಮೀ. ಅಂದರೆ 10 ಮೀಟರಿನ ನಿರ್ಣಯ ಫಿಲ್ಮಿನ ಮೇಲಿನ 0.17 ಮಿ.ಮೀ.ಯನ್ನು ಅವಲಂಬಿಸಿದೆ. ಅಚ್ಚಬಿಳಿಯ ಹಿಮದ ಮೇಲೆ ಎರಡೂ ಚಿತ್ರಗಳಲ್ಲಿ ಒಂದೇ ಬಿಂದುವನ್ನು ಗುರುತಿಸುವುದೂ ಕಷ್ಟ.

ಮ್ಯಾಟ್ ನೋಲನ್ ಮತ್ತು ಕಿಟ್ ಡೆಲೋರಿಯರ್ಸ್ 2016ರಲ್ಲಿ ಪ್ರಕಟಿಸಿದ ಅಧ್ಯಯನ ಈ ತೊಡಕನ್ನು ಬಿಡಿಸಿತು. 'ಫೋಡಾರ್' ಎಂಬ ಅವರ ವಿಧಾನದ ತತ್ತ್ವವೂ ಪಲ್ಲಟವೇ. ಆದರೆ ಪ್ರತಿ ಚಿತ್ರ ತೆಗೆದ ಸ್ಥಾನವನ್ನು ಜಿಪಿಎಸ್ ದಾಖಲಿಸುತ್ತದೆ. ಹಲವು ಚಿತ್ರಗಳ ಸಮಾನ ಬಿಂದುಗಳನ್ನು ಕಂಪ್ಯೂಟರ್ ಹೊಂದಿಸುತ್ತದೆ. ಶಿಖರಗಳ ಮೇಲೆಯೇ ಜಿಪಿಎಸ್ ಇಟ್ಟು ಫಲಿತಾಂಶವನ್ನು ಪರೀಕ್ಷಿಸಲಾಯಿತು. ಇಸ್ಟೊ 2735.6 ಮೀ., ಹಬ್ಲಿ 2717.6 ಮೀ., ಚೇಂಬರ್ಲಿನ್ 2712.3 ಮೀ. ಅನಿಶ್ಚಿತತೆ ±20 ಸೆಂ.ಮೀ.ಗಿಂತ ಕಡಿಮೆ. ಚೇಂಬರ್ಲಿನ್ ಮೂರನೆಯ ಸ್ಥಾನಕ್ಕೆ ಇಳಿಯಿತು.

ಹಾಗಾದರೆ ಹಳೆಯ ನಕ್ಷೆಕಾರರು ತಪ್ಪಿದರೇ? ಆತುರ ಬೇಡ. ಈ ಪ್ರದೇಶದ ಹಲವು ಶಿಖರಗಳನ್ನು ಹಿಮನದಿ ಹೊದ್ದಿದೆ. ಅದು ಕರಗಿದಂತೆ ಎತ್ತರವೂ ತಗ್ಗುತ್ತದೆ. ಕಳೆದ ದಶಕಗಳಲ್ಲಿ ಶಿಖರಗಳ ಕ್ರಮವೇ ಬದಲಾಗಿರುವ ಸಾಧ್ಯತೆಯನ್ನು ಈ ಅಧ್ಯಯನವೂ ಒಪ್ಪುತ್ತದೆ. ಹಳೆಯ, ಹೊಸ ಅಂಕಿಗಳ ವ್ಯತ್ಯಾಸದಲ್ಲಿ ಅಳತೆಯ ದೋಷವೆಷ್ಟು, ಕರಗಿದ ಹಿಮವೆಷ್ಟು? ಎರಡೂ ಅಳತೆಗಳ ಅನಿಶ್ಚಿತತೆ ತಿಳಿಯದೆ ಇದನ್ನು ಬೇರ್ಪಡಿಸಲಾಗದು. ಹವಾಮಾನ ಬದಲಾವಣೆಯನ್ನು ಅಳೆಯುವವರಿಗೆ ಇದು ಮುಖ್ಯ ಪ್ರಶ್ನೆ.

ಪ್ರಯೋಗಶಾಲೆಯಲ್ಲಿ ಉತ್ತರದ ಪಕ್ಕ '±' ಬರೆಯಲು ವಿದ್ಯಾರ್ಥಿಗಳು ಬೇಸರಪಟ್ಟರೆ, ಈ ಶಿಖರಗಳ ಕಥೆ ಹೇಳಿ.