ಅಟ್ಟ ಸೇರುವ ಚೊಚ್ಚಲ ಕೃತಿಗಳು

ಮುನ್ನುಡಿ ಕೋರಿ ನನ್ನಲ್ಲಿಗೆ ಬರುವ ಹಸ್ತಪ್ರತಿಗಳಲ್ಲಿ ಈಚೆಗೆ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ಕಡೆಯವು ಹೆಚ್ಚುತ್ತಿವೆ. ಆ ಸೀಮೆಯವನೇ ಆದ ನನಗೆ ಇದು ಸಂತೋಷದ ಸಂಗತಿ. ಆದರೆ ಜೊತೆಗೆ ಬರುವ ಪತ್ರಗಳು ಕಳವಳವನ್ನೂ ತರುತ್ತವೆ. ಬಡವನಹಳ್ಳಿಯ ಯುವಕರೊಬ್ಬರು ಕಡಲೆಕಾಯಿ ಮಾರಿದ ಹಣದಲ್ಲಿ ಕಥಾಸಂಕಲನವೊಂದನ್ನು ಅಚ್ಚು ಹಾಕಿಸಿದರು. ಸಾವಿರ ಪ್ರತಿ. ಬಿಡುಗಡೆಯ ದಿನ ಎಂಬತ್ತು ಪ್ರತಿಗಳು ಹೋದವು. ಅವುಗಳಲ್ಲಿ ಅರ್ಧ ಗೌರವ ಪ್ರತಿಗಳು. ಉಳಿದ ಕಟ್ಟುಗಳು ಅಟ್ಟ ಸೇರಿವೆ. ಕಥೆಗಳು ಕೆಟ್ಟವೇನಲ್ಲ, ನನ್ನ ವ್ಯಥೆಗೆ ಅದೇ ಕಾರಣ.

ಮೊದಲು ಬರವಣಿಗೆಯ ಮಾತು. ಪಾವಗಡವನ್ನು ಬಹುಪಾಲು ಆಂಧ್ರದ ನೆಲವೇ ಸುತ್ತುವರಿದಿದೆ. ಅಲ್ಲಿ ಒಂದೇ ಜಗುಲಿಯ ಮೇಲೆ ಕನ್ನಡ, ತೆಲುಗು ಎರಡೂ ನಡೆಯುತ್ತವೆ. ನಮ್ಮ ಹೊಸ ಲೇಖಕರು ಇದನ್ನು ಮುಚ್ಚಿಡುತ್ತಾರೆ. ಅವರ ಕಥೆಯ ಅಜ್ಜಿ ಪಠ್ಯಪುಸ್ತಕದ ಕನ್ನಡದಲ್ಲಿ ಬೈಯುತ್ತಾಳೆ! ಶಿರಾ ತಾಲ್ಲೂಕಿನ ಬರಗೂರಿನಿಂದ ಬಂದ ರಾಮಚಂದ್ರಪ್ಪನವರಿಗೆ ಊರಿನ ಹೆಸರು ತೊಡಕಾಗಲಿಲ್ಲ, ಅದೇ ಅವರ ಗುರುತಾಯಿತು. ಬರೆದುದನ್ನು ಊರಿನವರೊಬ್ಬರಿಗೆ ಗಟ್ಟಿಯಾಗಿ ಓದಿ ಹೇಳಿ. ಅವರು ಎಲ್ಲಿ ಆಕಳಿಸುತ್ತಾರೋ ಅಲ್ಲಿ ಕತ್ತರಿ ಆಡಿಸಿ. ಮುನ್ನುಡಿಕಾರರಿಂದ ಈ ಉಪಕಾರ ನಿರೀಕ್ಷಿಸಬೇಡಿ. ನಾವು ಹೊಗಳುವುದನ್ನು ರೂಢಿ ಮಾಡಿಕೊಂಡವರು. ನಾಲ್ಕಾರು ಕಥೆಗಳಾದರೂ ಪತ್ರಿಕೆಗಳಲ್ಲಿ ಬೆಳಕು ಕಂಡ ಮೇಲೆ ಸಂಕಲನದ ಯೋಚನೆ ಮಾಡುವುದು ಲೇಸು.

ಎರಡನೆಯದು ಹಣ. ಲೇಖಕನಿಂದಲೇ ಪೂರ್ತಿ ವೆಚ್ಚ ಪಡೆದು, ಪ್ರತಿಗಳನ್ನು ಅವನ ಮನೆಗೇ ಸಾಗಿಸುವವರು ಮುದ್ರಕರೇ ಹೊರತು ಪ್ರಕಾಶಕರಲ್ಲ. ಕರಾರಿಲ್ಲದೆ ಹಸ್ತಪ್ರತಿ ಕೊಡಬೇಡಿ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಹಕ್ಕಿನ ವರ್ಗಾವಣೆ ಲಿಖಿತ ರೂಪದಲ್ಲಿಯೇ ಇರಬೇಕು. ಅವಧಿಯನ್ನು ನಮೂದಿಸದಿದ್ದರೆ ಅದು ಐದು ವರ್ಷವೆಂದೇ ಪರಿಗಣನೆ. ಐಎಸ್‌ಬಿಎನ್ ಸಂಖ್ಯೆಗೆಂದು ಯಾರಾದರೂ ಸಾವಿರಗಟ್ಟಲೆ ಕೇಳಿದರೆ ಕೊಡಬೇಕಾಗಿಲ್ಲ. ರಾಜಾ ರಾಮಮೋಹನ ರಾಯ್ ರಾಷ್ಟ್ರೀಯ ಸಂಸ್ಥೆ ಅದನ್ನು ಉಚಿತವಾಗಿ ನೀಡುತ್ತದೆ, ಸ್ವತಃ ಪ್ರಕಟಿಸುವ ಲೇಖಕರಿಗೂ ನೀಡುತ್ತದೆ. ಕನ್ನಡ ಪುಸ್ತಕ ಪ್ರಾಧಿಕಾರ ಯುವ ಬರಹಗಾರರ ಚೊಚ್ಚಲ ಕೃತಿಗಳಿಗೆ ಪ್ರೋತ್ಸಾಹಧನ ಕೊಡುತ್ತ ಬಂದಿದೆ. ಅದರ ಪ್ರಕಟಣೆಗಾಗಿ ಕಾದು ಅರ್ಜಿ ಹಾಕುವುದು ಸಾಲ ಮಾಡುವುದಕ್ಕಿಂತ ಮೇಲು.

ಸಾವಿರ ಪ್ರತಿ ಹಾಕಿಸುವ ಹಿಂದೆ ಗ್ರಂಥಾಲಯ ಇಲಾಖೆಯ ಸಗಟು ಖರೀದಿಯ ಆಸೆ ಇರುತ್ತದೆ. 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯಡಿ ಆಸ್ತಿ ತೆರಿಗೆಯೊಂದಿಗೆ ಗ್ರಂಥಾಲಯ ಕರ ಸಂಗ್ರಹವಾಗುತ್ತದೆ, ನಿಜ. ಆದರೆ ಆಯ್ಕೆ, ಆದೇಶ, ಹಣ ಪಾವತಿ ಇವೆಲ್ಲ ಮುಗಿಯಲು ವರ್ಷಗಳೇ ಹಿಡಿಯಬಹುದು. ಕಡಲೆಕಾಯಿಯ ದುಡ್ಡಿಗೆ ಅಷ್ಟು ತಾಳ್ಮೆ ಇರುವುದಿಲ್ಲ. ಬೇಡಿಕೆಗೆ ತಕ್ಕಂತೆ ಅಚ್ಚು ಮಾಡುವ ತಂತ್ರಜ್ಞಾನ ಇರುವಾಗ ಇನ್ನೂರು ಪ್ರತಿಗಳಿಂದ ಆರಂಭಿಸಿದರೆ ಯಾವ ಅಪಮಾನವೂ ಇಲ್ಲ. ಪ್ರತಿಯೊಂದಕ್ಕೆ ವೆಚ್ಚ ತುಸು ಹೆಚ್ಚಾದೀತು, ಅಷ್ಟೇ.

ಇನ್ನು ಪ್ರಚಾರ. ತನ್ನ ಪುಸ್ತಕವನ್ನು ತಾನೇ ಮಾರುವುದೆಂದರೆ ನಮ್ಮವರಿಗೆ ಸಂಕೋಚ. 1942ರಲ್ಲಿ ತೀರಿಕೊಂಡ ಗಳಗನಾಥರು ತಮ್ಮ ಕಾದಂಬರಿಗಳನ್ನು ಹೊತ್ತು ಊರೂರು ತಿರುಗಿದವರು. ಜಿ.ಪಿ. ರಾಜರತ್ನಂ ಕೂಡ ಪುಸ್ತಕಗಳನ್ನು ಸ್ವತಃ ಮಾರಿದವರೇ. ಅವರಿಗಿಲ್ಲದ ಬಿಗುಮಾನ ನಮಗೇಕೆ? ಬೆಂಗಳೂರಿನ ಸಭಾಂಗಣದಲ್ಲಿ ಬಿಡುಗಡೆ ಮಾಡಿ, ಹಾರ ತುರಾಯಿಗಳಿಗೆ ಖರ್ಚು ಮಾಡುವ ಬದಲು ಊರಿನ ಶಾಲೆಯಲ್ಲಿಯೇ ಒಂದು ಸಂಜೆ ಓದಿ. ಈ ನಾಲ್ಕು ತಾಲ್ಲೂಕುಗಳು ಸೇರಿ ಮಧುಗಿರಿ ಶೈಕ್ಷಣಿಕ ಜಿಲ್ಲೆಯಾಗಿದೆ. ಅಲ್ಲಿನ ಕನ್ನಡ ಮೇಷ್ಟರುಗಳೇ ನಿಮ್ಮ ಮೊದಲ ಓದುಗರು. ಪುಕ್ಕಟೆ ಕೊಟ್ಟ ಪುಸ್ತಕ ಓದಿಸಿಕೊಳ್ಳುವುದು ಅಪರೂಪ ಎಂಬುದು ನನ್ನ ಅನುಭವ. ಬೆಲೆ ಕಡಿಮೆ ಮಾಡಿ, ಆದರೆ ಬೆಲೆ ತೆಗೆದುಕೊಳ್ಳಿ.

ದೂರದವರಿಗೆ ಅಂಚೆಯಿದೆ. ಅಗ್ಗದ ನೋಂದಾಯಿತ ಬುಕ್ ಪೋಸ್ಟ್ 2024ರ ಡಿಸೆಂಬರ್‌ನಲ್ಲಿ ಹಠಾತ್ತನೆ ನಿಂತುಹೋದಾಗ ಸಣ್ಣ ಪ್ರಕಾಶಕರು ಕಂಗಾಲಾಗಿದ್ದರು. 2025ರ ಮೇ ತಿಂಗಳಲ್ಲಿ ಅಂಚೆ ಇಲಾಖೆ ‘ಜ್ಞಾನ್ ಪೋಸ್ಟ್’ ಆರಂಭಿಸಿತು. ಆಗ ಗೊತ್ತುಮಾಡಿದ ದರ 300 ಗ್ರಾಂವರೆಗೆ 20 ರೂಪಾಯಿ, ತೆರಿಗೆ ಪ್ರತ್ಯೇಕ. ಪುಸ್ತಕದಲ್ಲಿ ಮುದ್ರಕರ ಅಥವಾ ಪ್ರಕಾಶಕರ ಹೆಸರು ಇರಬೇಕೆಂಬುದು ನಿಯಮ. ಅಚ್ಚಿಗೆ ಕೊಡುವ ಮುನ್ನ ಆ ಪುಟವನ್ನೊಮ್ಮೆ ನೋಡಿಕೊಳ್ಳಿ.